ಭಕ್ತ ಪುಣ್ಯಶೀಲನ ಎಡಗೈ

ಭಕ್ತ ಪುಣ್ಯಶೀಲ ಹಸಿದ ಮುದುಕನೊಬ್ಬನಿಗೆ ಎಡಗೈಯಿಂದ ಅನ್ನ ಬಡಿಸಿದ್ದೇ ಇಷ್ಟಕ್ಕೆಲ್ಲ ಕಾರಣ.

ಬಡಿಸಿದ್ದು ಕುಂದಾಪುರದ ಹೊಳೆಬದಿಯ ಗದ್ದೆಯಲ್ಲಿ ಹಾಕಿದ್ದ ಸಿನೆಮಾ ಟೆಂಟಿನೊಳಗೆ, ಬಿಳಿಯ ಪರದೆಯ ಮೇಲೆ. ಕಂಡವರು ಸುಂದರ ಉರಾಳರು. ಅನ್ಯಾಯ ಕಂಡು ಸುಮ್ಮನಿರುವ ಜಾಯಮಾನ ಅವರದಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಯುದ್ಧ ಮುಗಿದರೂ ಸೀಮೆಎಣ್ಣೆಯ ರೇಷನ್ನು ಮುಗಿದಿಲ್ಲವೆಂಬುದನ್ನು ಮರೆತು ಲಾಂದ್ರದ ಬತ್ತಿ ಏರಿಸಿ, ಒಂದೇ ಉಸಿರಿಗೆ ಬರೆದು ಮುಗಿಸಿದರು. ಶುಕ್ರವಾರ ಬೆಳಿಗ್ಗೆ ಅದು ‘ಸದಾಚಾರ’ ವಾರಪತ್ರಿಕೆಯಲ್ಲಿ ಅಚ್ಚಾಗಿ ಬಂತು.

“ಅನ್ನವೆಂದರೆ ಪರಬ್ರಹ್ಮ. ಅದನ್ನು ಎಡಗೈಯಿಂದ ಬಡಿಸುವವನನ್ನು ಭಕ್ತನೆಂದು ಕರೆದರೆ ಪಾಪಿಗೆ ಬೇರೆ ಹೆಸರು ಹುಡುಕಬೇಕಾದೀತು. ಈ ಚಿತ್ರ ತೆಗೆದವರಿಗೆ ತಾಯಿ ಇರಲಿಲ್ಲವೆ? ಇದ್ದರೆ ಆಕೆ ಇವರಿಗೆ ಯಾವ ಕೈಯಿಂದ ಬಡಿಸಿದಳು?” ಎಂದು ಉರಾಳರು ಕೇಳಿದ್ದರು.

ಉರಾಳರು ಐವತ್ತು ದಾಟಿದವರು, ಶಾಲೆಯಲ್ಲಿ ಪಾಠ ಹೇಳಿ ಬಿಟ್ಟವರು. ಎರಡು ವರ್ಷದ ಹಿಂದೆ ಹೆಂಡತಿ ಚಂದ್ರಾವತಿ ತೀರಿಕೊಂಡ ಮೇಲೆ ಅವರಿಗೆ ಹಗಲು ಹೇಗೋ ಕಳೆಯುತ್ತಿತ್ತು. ದೀಪ ಹಚ್ಚಿದ ಮೇಲಿನ ಹೊತ್ತು ಕಳೆಯುತ್ತಿರಲಿಲ್ಲ. ತಂಗಿ ಅಮ್ಮಣಿ ಮನೆ ನೋಡಿಕೊಳ್ಳುತ್ತಿದ್ದಳು ನಿಜ. ಆದರೆ ಅವಳು ದೀಪ ಹಚ್ಚಿದ ಕಡ್ಡಿ ಆರುವುದರೊಳಗೆ ತೂಕಡಿಸುವವಳು. ಆಗ ‘ಸದಾಚಾರ’ದ ಯಜಮಾನರಾದ ವೆಂಕಟ ಬಾಯರಿಗಳು, ಟೆಂಟಿಗೆ ಬರುವ ಚಿತ್ರಗಳನ್ನು ನೋಡಿ ಧರ್ಮದ ದೃಷ್ಟಿಯಿಂದ ವಾರವಾರ ಬರೆದುಕೊಡಿ ಎಂದು ಹೇಳಿದರು. ಉರಾಳರಿಗೆ ಸಂಜೆಗೊಂದು ಕೆಲಸವಾಯಿತು. ಆ ಅಂಕಣ ಅವರ ಊರುಗೋಲು. ಅದಿಲ್ಲದಿದ್ದರೆ ಅವರು ಕತ್ತಲಾದ ಮೇಲೆ ಜಗಲಿಯಿಂದ ಅಂಗಳಕ್ಕೂ ಇಳಿಯುತ್ತಿರಲಿಲ್ಲ.

ಮೊದಲ ದಿನ ಸಂಧ್ಯಾವಂದನೆ, ಜಪ ಮುಗಿಸಿ ಅವರು ಹೋಗುವಾಗ ಚಿತ್ರ ಆಗಲೇ ಶುರುವಾಗಿತ್ತು. ಟೆಂಟಿನೊಳಗೆ ಹಾಸಿದ ಮರಳಿನ ಮೇಲೆ ಜನ ಮಂಡಿಗೆ ಮಂಡಿ ತಾಗಿಸಿ ಕೂತಿದ್ದರು. ಬೀಡಿಯ ಹೊಗೆ, ಖಾಲಿ ಮೀನುಬುಟ್ಟಿ, ತೊಡೆಯ ಮೇಲೆ ಮಕ್ಕಳು. ಮಡಿಯ ಮನುಷ್ಯ ಬಾಗಿಲಲ್ಲೇ ತಿರುಗಿ ನಿಂತರು. ಟೆಂಟಿನ ಯಜಮಾನ ಪ್ರೇಮಾನಂದ ಕಿಣಿ ಓಡಿಬಂದು ಅವರನ್ನು ಪರದೆಯ ಹಿಂಬದಿಗೆ ಕರೆದುಕೊಂಡು ಹೋದ. ಅಲ್ಲಿ ಹೊಳೆಯ ಗಾಳಿ, ನರಪಿಳ್ಳೆ ಇಲ್ಲ. ಒಂದು ಬೆಂಚು ಹಾಕಿಸಿದ, ಎಳನೀರು ಕೊಡಿಸಿದ. ನೀರು ಚಿಮುಕಿಸಿ ಬಿಗಿದ ತೆಳುವಾದ ಬಟ್ಟೆ; ಅದರ ಮೇಲೆ ಬಿದ್ದ ಚಿತ್ರ ಆಚೆಗೂ ಅಷ್ಟೇ ಚೆಂದವಾಗಿ ಕಾಣುತ್ತಿತ್ತು. ದನಿಯ ಪೆಟ್ಟಿಗೆಯನ್ನೂ ಆ ಬದಿಗೇ ಇಟ್ಟಿದ್ದರು. ಮುಂದೆ ಕೂತ ಜನಕ್ಕಿಂತ ಮೊದಲು ಮಾತು ತನಗೇ ಕೇಳುತ್ತದೆಂದು ಉರಾಳರಿಗೆ ಹೆಮ್ಮೆ. ಅಂದಿನಿಂದ ಅದೇ ಅವರ ಸ್ಥಾನ.

ಹಿಂಬದಿಯಿಂದ ನೋಡಿದರೆ ಬಲ ಎಡವಾಗುತ್ತದೆಂಬುದು ಅವರಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಮುಂದೆ ಕೂತು ಅವರು ಒಂದು ದಿನವೂ ನೋಡಿದವರಲ್ಲ.

ಹಾಗಾಗಿ ಬಂದ ಚಿತ್ರವೆಲ್ಲ ಅವರ ಹೊಟ್ಟೆಗೆ ಬೆಂಕಿ ಹಚ್ಚಿತು. ತಮಿಳಿನ ಪೌರಾಣಿಕದಲ್ಲಿ ಅರ್ಚಕ ಬಲಗೈಯಲ್ಲಿ ಗಂಟೆ ಹಿಡಿದು ಎಡಗೈಯಲ್ಲಿ ಆರತಿ ಎತ್ತಿದ. ಮದುಮಕ್ಕಳು ಅಗ್ನಿಗೆ ಅಪ್ರದಕ್ಷಿಣೆ ಬಂದರು. “ಈ ಮದುವೆ ಊರ್ಜಿತವಲ್ಲ, ಹಾಗಾಗಿ ಕೊನೆಯಲ್ಲಿ ಹುಟ್ಟುವ ಮಗು ರಾಜ್ಯಕ್ಕೆ ಬಾಧ್ಯನಲ್ಲ” ಎಂದು ಉರಾಳರು ಬರೆದರು. ಕುದುರೆ, ಕತ್ತಿಗಳ ಸಾಹಸಚಿತ್ರವೊಂದು ಬಂತು. ಅದರಲ್ಲಿ ಊರನ್ನೇ ಸುಡುವ ಖಳನಾಯಕ ಎಡಚ. ಆದರೆ ಉರಾಳರ ಕಣ್ಣಿಗೆ ಇಡೀ ಚಿತ್ರದಲ್ಲಿ ಬಲಗೈಯಿಂದ ಉಂಡವನು ಅವನೊಬ್ಬನೇ. “ಖಳನೊಬ್ಬನೇ ಸಂಸ್ಕಾರವಂತ, ಅವನನ್ನು ಕೊಲ್ಲಿಸಿದ್ದು ಅಧರ್ಮ” ಎಂಬ ಅಭಿಪ್ರಾಯ ಬಂತು. ಹಿಂದಿಯ ಸಂಸಾರ ಚಿತ್ರದ ನಾಯಕಿ ಉತ್ತರದ ಕ್ರಮದಂತೆ ಬಲಹೆಗಲಿಗೆ ಸೆರಗು ಹಾಕಿದ್ದಳು. ಉರಾಳರಿಗೆ ಅದು ಎಡಹೆಗಲಾಗಿ ಕಂಡಿತು. “ದೂರದವಳಾದರೂ ನಮ್ಮ ಸೆರಗಿನ ಮರ್ಯಾದೆ ಬಲ್ಲವಳು, ಇವಳಿಂದ ನಮ್ಮ ಕಡೆಯ ನಟಿಯರು ಕಲಿಯಲಿ” ಎಂದು ಅವಳನ್ನು ಹೊಗಳಿದರು. ಹಾಸ್ಯಚಿತ್ರವೊಂದರಲ್ಲಿ ಅಂಗಡಿಯ ಹಲಗೆಯ ಮೇಲೆ ಅಕ್ಷರಗಳು ತಿರುಗಿ ಕೂತಿದ್ದವು. ನಗಿಸಲು ಮಾಡಿದ ಯುಕ್ತಿಯೆಂದು ತಿಳಿದು, ಇಡೀ ಚಿತ್ರದಲ್ಲಿ ನಗು ಬಂದದ್ದು ಅಲ್ಲೊಂದೇ ಕಡೆ ಎಂದು ಬರೆದರು.

ಎಲ್ಲಕ್ಕಿಂತ ಅವರನ್ನು ಸುಟ್ಟದ್ದು ಜನಿವಾರ. ಪರದೆಯ ಮೇಲೆ ಬರುವ ಋಷಿ, ಪುರೋಹಿತ, ಬಡ ಬ್ರಾಹ್ಮಣ, ಎಲ್ಲರೂ ಅದನ್ನು ಬಲಹೆಗಲಿಗೆ ಹಾಕಿಕೊಂಡಿರುತ್ತಿದ್ದರು. ಸತ್ತವರಿಗೆ ಪಿಂಡ ಹಾಕುವಾಗ ಮಾತ್ರ ಹಾಗೆ ಹಾಕಿಕೊಳ್ಳುವುದು. ಚಂದ್ರಾವತಿಯ ಕ್ರಿಯೆಯಲ್ಲಿ ಉರಾಳರು ಅದನ್ನು ಹಾಗೆ ತಿರುಗಿಸಿ ಕೂತದ್ದು ಅವರ ಹೆಗಲಿಗೆ ಇನ್ನೂ ನೆನಪಿತ್ತು. ಆ ದುಃಖವನ್ನು ಹಾಡು ಹೇಳುತ್ತ, ನಗುತ್ತ, ಹುಡುಗಿಯರ ಎದುರಿಗೆ ಹಾಕಿಕೊಂಡು ತಿರುಗುತ್ತಾರಲ್ಲ ಎಂದು ಅವರಿಗೆ ತಡೆಯಲಾರದ ಸಿಟ್ಟು.

ಅವರ ತಪ್ಪನ್ನು ಯಾರೂ ತಿದ್ದಲಿಲ್ಲ. ‘ಸದಾಚಾರ’ ಓದುವವರು ಟೆಂಟಿಗೆ ಹೋದೆವೆಂದು ಹೇಳಿಕೊಳ್ಳುವವರಲ್ಲ. ಟೆಂಟಿಗೆ ಹೋಗುವವರು ‘ಸದಾಚಾರ’ ಓದುವವರಲ್ಲ. ಆದರೆ ಈ ಶುಕ್ರವಾರ ಪೇಟೆಯ ಹೊಗೆಸೊಪ್ಪಿನ ಅಂಗಡಿಯವನು ಪುಣ್ಯಶೀಲನ ಮೇಲಿನ ಬರಹವನ್ನು ಗಿರಾಕಿಗಳಿಗೆ ದೊಡ್ಡದಾಗಿ ಓದಿ ಹೇಳಿಬಿಟ್ಟ. ಗಿರಾಕಿಗಳ ಮಧ್ಯೆ ಬೀಜಾಡಿಯ ಬಾಗಿ ನಿಂತಿದ್ದಳು.

ಬಾಗಿ ಮೀನು ಮಾರುವವಳು. ಗಂಡ ಸೋಮನ ಜ್ವರ ಬಿಡದಿದ್ದಾಗ ಪುಣ್ಯಶೀಲಸ್ವಾಮಿಗೆ ಹರಕೆ ಹೊತ್ತು, ಜ್ವರ ಬಿಟ್ಟ ಮೇಲೆ ಪರದೆಯ ಬುಡದಲ್ಲಿ ತೆಂಗಿನಕಾಯಿ ಒಡೆದು ಬಂದವಳು. ಓದಿದ್ದನ್ನು ಕೇಳಿದವಳೇ ಬುಟ್ಟಿಯನ್ನು ಅಲ್ಲಿಯೇ ಇಟ್ಟು, ಕೈ ಬೀಸಿಕೊಂಡು ಉರಾಳರ ಮನೆಯ ಬೇಲಿಯ ದಣಪೆಯ ಹತ್ತಿರ ಬಂದು ನಿಂತಳು. ಅವಳ ಬೆನ್ನಿಗೆ ಅರ್ಧ ಪೇಟೆ ಬಂತು.

“ಹ್ವಾಯ್ ಉರಾಳ್ರೆ, ಹೊರ್ಗ್ ಬನಿ. ನಮ್ ಸ್ವಾಮಿ ಎಡ್ಗೈಯಗೆ ಬಡ್ಸ್ದ ಅಂದ್ ಬರ್ದದ್ ನೀವೇ ಅಲ್ದಾ?”

ಉರಾಳರು ಪಂಚೆ ಸರಿಮಾಡಿಕೊಂಡು ಅಂಗಳಕ್ಕೆ ಬಂದು, ತಾನೇ ಎಂದರು. ಕಂಡದ್ದನ್ನು ಬರೆಯಲು ತನಗೆ ಯಾರ ಅಪ್ಪಣೆಯೂ ಬೇಡವೆಂದೂ ಹೇಳಿದರು.

“ನಾ ಮೂರ್ ಸಲ ಕಂಡಿದೆ. ಮೂರ್ ಸಲವೂ ಬಲ್ಗೈಯೇ. ನಿಮ್ಗ್ ಕಣ್ಣ್ ಸಮ ಕಾಣ್ದಿದ್ರೆ ಮದ್ದಿನ ಪಂಡಿತ್ರ್ ಹತ್ರ ಹೋಯಿನಿ, ದೇವ್ರಂಥವ್ನ ಬೈಬ್ಯಾಡಿ.”

ತನ್ನ ಕಣ್ಣಿನ ಮಾತು ಬಂದದ್ದೇ ಉರಾಳರ ತಾಳ್ಮೆ ತಪ್ಪಿತು. ಮೂಗಿನ ತುದಿಯಲ್ಲಿ ಕೂತ ನೊಣದ ಕಾಲನ್ನು ತಾನು ಎಣಿಸಬಲ್ಲೆನೆಂದೂ, ಭಕ್ತಿಯ ಅಮಲಿನಲ್ಲಿ ಎಡ ಯಾವುದು ಬಲ ಯಾವುದು ಎಂದು ತಿಳಿಯದವರು ಅವಳ ಕಡೆಯವರೇ ಎಂದೂ ಹೇಳಿದರು.

ಬಾಗಿ ಸೊಂಟಕ್ಕೆ ಕೈ ಕೊಟ್ಟಳು. “ಹಂಗಾರ್ ಇವತ್ ಬಂದ್ ನಮ್ ಒಟ್ಟಿಗೆ ಕೂಕಣಿ. ಸ್ವಾಮಿ ಬಡ್ಸುವತ್ತಿಗೆ ಎದ್ದ್ ನಿತ್ಕಂಡ್, ಇಡೀ ಟೆಂಟಿಗ್ ಕೇಂಬಂಗೆ, ಎಡ್ಗೈ ಅಂದ್ ಹೇಳಿ ಕಾಂಬ. ಹೇಳ್ರೆ ನಾ ಇನ್ನ್ ಈ ಪ್ಯಾಟಿಗೆ ಬುಟ್ಟಿ ಹೊತ್ಕಂಡ್ ಬತ್ತಿಲ್ಲೆ.”

“ಬತ್ತೆ,” ಎಂದರು ಉರಾಳರು. ಒಳಗಿನಿಂದ ಅಮ್ಮಣಿ, ಅಣ್ಣಯ್ಯ ಅಣ್ಣಯ್ಯ ಎಂದು ಬಾಗಿಲ ಸಂದಿಯಿಂದ ಕರೆದದ್ದು ಅವರಿಗೆ ಕೇಳಿಸಲಿಲ್ಲ.

ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಬಾಯರಿಗಳು ಬಂದರು. ಅವರು ಪತ್ರಿಕೆಗೆ ಮಾತ್ರವಲ್ಲ, ಸದಾಚಾರ ಸಭೆಗೂ ಅಧ್ಯಕ್ಷರು. ಮಾತಾಡಿದರೆ ಚೆಂಡೆಗೆ ಪೆಟ್ಟು ಬಿದ್ದಂತಿರುತ್ತಿತ್ತು. ಜನ್ಮದಲ್ಲಿ ಒಂದು ಸಿನೆಮಾ ನೋಡಿದವರಲ್ಲ. ಅನ್ನಕ್ಕೆ ಆದ ಅಪಚಾರ ಕೇಳಿ ಅವರಿಗೆ ಉಂಡದ್ದು ಕರಗಿರಲಿಲ್ಲ. ಸಭೆಯ ಏಳು ಮಂದಿ ಹಿರಿಯರು ಇವತ್ತೇ ಹೋಗಿ ಕಣ್ಣಾರೆ ನೋಡುವುದು, ನಿಜವಾದರೆ ಟೆಂಟನ್ನು ಊರಿಂದ ಎಬ್ಬಿಸುವುದು ಎಂದು ಠರಾವಾಗಿತ್ತು. ಕೂರುವುದಕ್ಕೆ ಮಡಿಯ ಜಾಗ ಉಂಟೋ ಎಂದು ಬಾಯರಿಗಳು ವಿಚಾರಿಸಿದರು. ಉರಾಳರು ಸಂತೋಷದಿಂದ ತಮ್ಮ ಹಿಂಬದಿಯ ಬೆಂಚನ್ನು ಬಿಟ್ಟುಕೊಟ್ಟರು. ತಾನು ಇವತ್ತು ಆ ಹೆಂಗಸಿನ ಸವಾಲಿಗಾಗಿ ಮುಂದೆ ಕೂರಲೇಬೇಕು, ರಾತ್ರಿ ಬಂದು ಮಿಂದರಾಯಿತು ಎಂದರು.

“ಒಳ್ಳೇದೇ ಆಯ್ತ್. ಅವ ಬಡ್ಸುಕ್ ಶುರು ಮಾಡ್ವತ್ತಿಗೆ ನೀವ್ ಎದ್ದ್ ಕೇಣಿ, ಇದ್ ಯಾವ್ ಕೈ ಅಂದ್. ನಾವ್ ಏಳ್ ಜನ ಆಚಿಂದ ಸಾಕ್ಷಿ ಹೇಳ್ತೊ,” ಎಂದರು ಬಾಯರಿಗಳು. ಆಮೇಲೆ ದನಿ ತಗ್ಗಿಸಿ ಒಂದು ಮಾತು ಸೇರಿಸಿದರು: “ಉರಾಳ್ರೆ, ಮಾತ್ ತಪ್ಪುಕಾಗ. ಪತ್ರಿಕೆ ಮರ್ಯಾದಿ ಹೋಯ್ತೋ, ನಿಮ್ಮ್ ಅಂಕಣವೂ ಹೋಯ್ತ್.”

ಅದು ಹೋದರೆ ತನ್ನ ಸಂಜೆಗಳೇ ಹೋಗುತ್ತವೆಂದು ಉರಾಳರಿಗೆ ಗೊತ್ತಿತ್ತು. ಆದರೆ ಸತ್ಯ ತನ್ನ ಕಡೆಗಿರುವಾಗ ಹೆದರುವುದೇಕೆ?

ಹೊತ್ತು ಇಳಿಯುವಾಗ ಪ್ರೇಮಾನಂದ ಎರಡು ಎಳನೀರು ಹಿಡಿದುಕೊಂಡು ಬಂದ. ಟೆಂಟನ್ನು ಎಬ್ಬಿಸುವ ಸುದ್ದಿಗೆ ಅವನು ಹೆದರಿದಂತೆ ಕಾಣಲಿಲ್ಲ. ಅವನನ್ನು ಹೆದರಿಸಿದ್ದು ಬೇರೆ. ಉರಾಳರು ಮುಂದೆ ಕೂರುತ್ತಾರೆಂದು ಕೇಳಿ ಮುಖ ಸಣ್ಣದು ಮಾಡಿಕೊಂಡಿದ್ದ.

“ಮುಂದೆ ಸೆಕೆ ಉರಾಳ್‌ಮಾಮ. ಹೊಗೆ. ಮರ್ಳಗೆ ಚಿಗಟ. ನಿಮ್ಗ್ ಹಿಂದೆಯೇ ಇನ್ನೊಂದ್ ಬೆಂಚ್ ಹಾಕ್ತೆ, ಗೋಣಿ ಹಾಸ್ತೆ. ಮುಂದೆ ಮಾತ್ರ ಕೂಕಂಬ್ಯಾಡಿ.”

ತನ್ನ ಮಡಿಯ ಬಗ್ಗೆ ಈ ವ್ಯಾಪಾರಿಗೆ ಇರುವ ಕಾಳಜಿ ಕಂಡು ಉರಾಳರ ಮನಸ್ಸು ಸ್ವಲ್ಪ ಕರಗಿತು. ಆದರೆ ಕೊಟ್ಟ ಮಾತು ಕೊಟ್ಟದ್ದೇ ಎಂದರು. ಪ್ರೇಮಾನಂದ ಕೈ ಮುಗಿದ, ಗಲ್ಲ ಹಿಡಿದ, ಕೊನೆಗೆ ತಂದ ಎಳನೀರನ್ನು ತಾನೇ ಕುಡಿದು ಹೋದ.

ಸಂಜೆ ಉರಾಳರು ಹೊರಟಾಗ ಕಂಕುಳಲ್ಲಿ ಊಟದ ಮಣೆಯಿತ್ತು. ಮರಳನ್ನು ಮುಟ್ಟದೆ ಅದರ ಮೇಲೆ ಕೂರುವುದೆಂದು ಅವರ ಎಣಿಕೆ. ಮಣೆ ಹಿಡಿದು, ಮಡಿ ಉಟ್ಟು, ಮುಖ ಗಂಟಿಕ್ಕಿಕೊಂಡು ಅವರು ಪೇಟೆಯ ಮಧ್ಯದಲ್ಲಿ ಹೋಗುವಾಗ ಕಂಡಕಂಡವರು ಕಾರಣ ಕೇಳಿದರು. ಪಕ್ಕದ ಮನೆಯ ಪದ್ದು ಶೇರಿಗಾರ ಯಾರ ಮನೆಯಲ್ಲಿ ಸಮಾರಾಧನೆ ಎಂದ. ಕೊಕ್ಕರ್ಣೆಯಿಂದ ಗಾಡಿ ಕಟ್ಟಿಕೊಂಡು ಚಿತ್ರ ನೋಡಲು ಬಂದವರು ಮಣೆ ತರುವುದು ಈ ಊರಿನ ಕ್ರಮವೇ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಟೆಂಟಿನ ಬಾಗಿಲಲ್ಲಿ ಡೋಲು ಬಡಿಯುತ್ತಿದ್ದ ಸೂರ ಕೋಲು ನಿಲ್ಲಿಸಿ, “ಒಡೇರೆ, ಪುಣ್ಯಶೀಲ ಬಡ್ಸುದ್ ಆ ಮುದ್ಕನಿಗೆ. ನಿಮ್ಗೆ ಎಲೆ ಹಾಕ್ತ್ರ್ ಅಂದ್ ಯಾರ್ ಹೇಳ್ದ್ರ್?” ಎಂದ. ಸಾಲಿನಲ್ಲಿ ನಿಂತವರು ಬಾಯಿಗೆ ಪಂಚೆ ಒತ್ತಿಕೊಂಡರು.

ಒಳಗೆ ಬಾಗಿ ಅವರಿಗಾಗಿ ಒಂದು ತುಂಡು ಜಾಗ ಕಾದಿಟ್ಟಿದ್ದಳು, ಎಲ್ಲರಿಗೂ ಕಾಣುವ ಹಾಗೆ ನಟ್ಟ ನಡುವೆ. ಉರಾಳರು ಮಣೆಯ ಮೇಲೆ ಮೊಣಕಾಲು ಮಡಿಸಿ, ಕೆಂಡದ ಮೇಲೆ ಕೂತ ಕೋಳಿಯಂತೆ ಕೂತರು. ಪರದೆಯ ಆಚೆ ಬಾಯರಿಗಳ ಕೆಮ್ಮು, ಬೆಂಚು ಎಳೆದ ಸದ್ದು ಕೇಳಿಸಿತು. ಧೈರ್ಯ ಬಂತು. ಹೊರಗೆ ಎಣ್ಣೆಯ ಎಂಜಿನು ಗುಡುಗಿತು, ದೀಪ ಆರಿತು.

ಮೊದಲು ಬಂದದ್ದು ದೇವಸ್ಥಾನ. ಅರ್ಚಕ ಬಲಗೈಯಲ್ಲಿ ಆರತಿ ಎತ್ತಿದ, ಎಡಗೈಯಲ್ಲಿ ಗಂಟೆ ಆಡಿಸಿದ.

ಉರಾಳರು ಕಣ್ಣು ಉಜ್ಜಿಕೊಂಡರು. ಈ ಪ್ರೇಮಾನಂದ ಹೆದರಿ ರೀಲು ಬದಲಾಯಿಸಿದ್ದಾನೆ ಎಂದುಕೊಂಡರು. ಆದರೆ ಅರ್ಚಕ ಅವನೇ, ಮೂಗಿನ ಮೇಲಿನ ನರೂಲಿಯೂ ಅದೇ; ಮೊನ್ನೆ ಎಡಕ್ಕಿದ್ದ ನರೂಲಿ ಇವತ್ತು ಬಲಕ್ಕೆ ಬಂದಿತ್ತು. ಭಕ್ತರು ಗುಡಿಗೆ ಸರಿಯಾಗಿ ಬಲ ಬಂದರು. ಹೆಂಗಸರ ಸೆರಗು ಎಡಹೆಗಲಿನಲ್ಲಿತ್ತು. ಆಮೇಲೆ ಪುಣ್ಯಶೀಲ ಬಂದ. ಅವನ ಜನಿವಾರ ಎಡಹೆಗಲಿನಿಂದ ಬಲಸೊಂಟಕ್ಕೆ, ಮಂಗಲಕಾರ್ಯಕ್ಕೆ ಹೊರಟವನ ಹಾಗೆ ಇಳಿದಿತ್ತು. ಅವನ ತಂದೆಯದೂ ಹಾಗೇ. ಗುರುವಿನದೂ ಹಾಗೇ. ಎರಡು ವರ್ಷ ಆ ಬಟ್ಟೆಯ ಮೇಲೆ ಬಂದವರೆಲ್ಲ ಯಾರದೋ ಕ್ರಿಯೆಗೆ ಕೂತವರಂತೆ ಕಂಡಿದ್ದರು. ಇವತ್ತು ಮೊದಲ ಬಾರಿಗೆ ಅಲ್ಲಿ ಯಾರೂ ಸತ್ತಿರಲಿಲ್ಲ. ಉರಾಳರ ಕೈಗಳು ತಾವಾಗಿ ಮುಗಿದವು.

“ಈಗ್ಳೇ ಕೈ ಮುಗ್ದ್ರ್ಯಾ?” ಎಂದು ಬಾಗಿ ಪಕ್ಕದಿಂದ ಪಿಸುಗುಟ್ಟಿದಳು.

ಹೊಳೆಯ ಗಾಳಿಗೆ ಪರದೆ ಒಮ್ಮೆ ಉಬ್ಬಿ ಇಳಿಯಿತು. ಅದರ ಆಚೆ ತನ್ನ ಬೆಂಚು ಇದೆ. ಬೆಂಚಿನಿಂದ ನೋಡುವವನಿಗೆ ಈ ಬಲ ಯಾವ ಕಡೆಗೆ ಬಿದ್ದೀತು? ಉರಾಳರು ತಮ್ಮ ಅಂಗೈಗಳನ್ನು ಮಡಿಲಲ್ಲಿಟ್ಟು ತಿರುಗಿಸಿ ನೋಡಿದರು. ಸಂಗತಿ ತಲೆಗೆ ಹತ್ತಿತು. ಅರಸನ ಮಗುವಿಗೆ ರಾಜ್ಯ ತಪ್ಪಿಸಿದ್ದು, ಊರು ಸುಟ್ಟವನನ್ನು ಸಂಸ್ಕಾರವಂತನೆಂದು ಹೊಗಳಿದ್ದು, ಎಲ್ಲ ಒಂದೊಂದಾಗಿ ಎದುರಿಗೆ ಬಂದು ನಿಂತಿತು. ಇನ್ನು ಸ್ವಲ್ಪ ಹೊತ್ತಿಗೆ ಆ ಮುದುಕ ಬರುತ್ತಾನೆ. ದೇವರೆ, ಅವನಿಗೆ ಇವತ್ತೊಂದು ದಿನ ಹಸಿವಾಗದಿರಲಿ ಎಂದು ಅವರು ಬೇಡಿಕೊಂಡರು.

ಮುದುಕ ಸರಿಯಾದ ಹೊತ್ತಿಗೇ ಬಂದ. ಎಂದಿಗಿಂತ ಹೆಚ್ಚು ಹಸಿದಂತೆ ಕಂಡ. ಪುಣ್ಯಶೀಲ ಎಲೆ ಹಾಕಿದ, ನೀರು ಚಿಮುಕಿಸಿದ, ಅನ್ನದ ಪಾತ್ರೆಗೆ ಕೈ ಹಾಕಿದ. ಬಲಗೈ.

“ಏಳಿನಿ,” ಎಂದಳು ಬಾಗಿ.

“ಉರಾಳ್ರೆ, ಏಳಿ,” ಎಂದು ಪರದೆಯ ಆಚೆಯಿಂದ ಚೆಂಡೆ ಬಡಿಯಿತು. “ಕೇಣಿ, ಯಾವ್ ಕೈ ಅಂದ್ ಕೇಣಿ.”

ಉರಾಳರು ಎದ್ದರು. ಎಡಗೈ ಎಂದು ಹೇಳಿದರೆ ಅಂಕಣ ಉಳಿಯುತ್ತದೆ. ಆಚೆಯ ಏಳು ಮಂದಿ ಹೌದೆನ್ನುತ್ತಾರೆ. ಈಚೆಯವರ ಮಾತನ್ನು ಊರಿನಲ್ಲಿ ಯಾರೂ ಕೇಳುವವರಿಲ್ಲ. ಆದರೆ ಎದುರಿಗೆ ಎಲೆಯ ಮೇಲೆ ಅನ್ನ ಬೀಳುತ್ತಿತ್ತು. ಅನ್ನದ ಎದುರಿಗೆ ನಿಂತು ಸುಳ್ಳು ಹೇಳುವುದು ಅವರಿಂದಾಗಲಿಲ್ಲ.

“ಬಲಗೈ,” ಎಂದರು.

ಮುಂದಿನವರು ಟೆಂಟು ಹಾರಿಹೋಗುವ ಹಾಗೆ ಕೂಗಿದರು. ಆಚೆಯಿಂದ ಬಾಯರಿಗಳ ದನಿ ಬಂತು. “ಎಂತ ಹೇಳ್ದ್ರಿ?”

“ಬಲಗೈ ಬಾಯರ್ರೆ. ನೀವ್ ಕೂತದ್ ಹಿಂಬದಿ. ಅಲ್ಲಿಂದ ಕಂಡ್ರೆ ಎಲ್ಲ ತಿರ್ಗಿ ಕಾಂತ್. ನಾನೂ ಎರಡ್ ವರ್ಷ ಹಂಗೇ ಕಂಡದ್.”

“ಹಿಂಬದಿಯಾ? ದೀಪ ಯಾವ್ ಬದಿಗ್ ಬತ್ತಿತ್ತ್ ಕಾಣಿ. ನಮ್ಮ್ ಮುಖಕ್ಕೆ ಬತ್ತಿತ್ತ್. ದನಿ ಪೆಟ್ಟಿಗೆಯೂ ನಮ್ಮ್ ಕಡೆಗೇ. ದೀಪಕ್ಕೆ ಬೆನ್ನ್ ಹಾಕಿ ಕೂತದ್ ನೀವ್. ದೇವಸ್ಥಾನದಗೆ ಆರತಿಗೆ ಎದ್ರ್ ನಿಲ್ಲುದಾ, ಬೆನ್ನ್ ಹಾಕುದಾ?”

ಸಭೆಯ ಹಿರಿಯರು ಭಲೆ ಎಂದರು. ಉರಾಳರಿಗೂ ಒಂದು ಗಳಿಗೆ ಆ ಮಾತು ಹೌದೆನ್ನಿಸಿತು. ಸಾವರಿಸಿಕೊಂಡು, ಒಮ್ಮೆ ಈಚೆ ಬಂದು ನೋಡಬೇಕೆಂದು ಬೇಡಿಕೊಂಡರು. ಆ ಮೀನುಬುಟ್ಟಿಗಳ ಮಧ್ಯೆ ಬಂದರೆ ಈ ಚಳಿಯಲ್ಲಿ ಏಳು ಮಂದಿಯೂ ಮೀಯಬೇಕು, ಅದಕ್ಕೆ ಬಿಸಿನೀರು ಕಾಯಿಸುವವರು ಯಾರು ಎಂದು ಬಾಯರಿಗಳು ಕೇಳಿದರು. ಹಾಗಾದರೆ ಬಾಗಿಯಾದರೂ ಆಚೆ ಹೋಗಿ ನೋಡಿ ಹೇಳಲಿ ಎಂದರು ಉರಾಳರು. ಬಾಗಿ ಹೋಗಲು ತಯಾರಿದ್ದಳು. “ಬಪ್ಪುಕಾಗ” ಎಂದು ಅವಳನ್ನು ತಡೆಯುವ ಏಳು ದನಿ ಆಚೆಯಿಂದ ಒಟ್ಟಿಗೆ ಬಂತು.

ತೋರಿಸಿಯೇ ತೀರುತ್ತೇನೆಂದು ಉರಾಳರು ಮಣೆ ಬಿಟ್ಟು, ಜನರನ್ನು ದಾಟಿ, ಪರದೆಯ ಬುಡಕ್ಕೆ ಹೋದರು. ಇದು ಬಲಗೈ ಅಲ್ಲವೆ ಎಂದು ಜನರ ಕಡೆಗೆ ಮುಖ ಮಾಡಿ ತಮ್ಮ ಬಲಗೈಯನ್ನು ಎತ್ತಿ ಹಿಡಿದರು. ಅವರ ನೆರಳು ಕೈ ಎತ್ತಿಕೊಂಡು ಪುಣ್ಯಶೀಲನ ಮೇಲೆ ಬಿತ್ತು. ಆಚೆಯಿಂದ ನೋಡಿದವರಿಗೆ ನೆರಳಿನ ಮುಖ ಬೆನ್ನು ತಿಳಿಯುವುದು ಹೇಗೆ? ತಮ್ಮ ಎದುರಿಗೆ ಮುಖ ಮಾಡಿ ನಿಂತಿದ್ದಾರೆಂದೇ ತಿಳಿದರು.

“ಕಾಣಿ,” ಎಂದರು ಬಾಯರಿಗಳು ಹಿರಿಯರಿಗೆ. “ಈಗ ಇವ್ರೇ ಎಡ್ಗೈ ಎತ್ತಿ ಬಲ್ಗೈ ಅಂತ್ರ್. ಪ್ರೇಮಾನಂದ ಎಂತ ಕುಡ್ಸಿದ್ನೋ.”

ಮುಂದಿನವರಿಗೆ ಚಿತ್ರಕ್ಕೆ ಅಡ್ಡ ನಿಂತ ಸಿಟ್ಟು. ಯಾರೋ ನೆಲಗಡಲೆಯ ಸಿಪ್ಪೆ ಎಸೆದರು. ಪ್ರೇಮಾನಂದ ಯಂತ್ರ ನಿಲ್ಲಿಸಿ ದೀಪ ಹಾಕಿಸಿ, ಇಂಟರ್ವಲ್ ಎಂದು ಸಾರಿ, ಉರಾಳರನ್ನು ರಟ್ಟೆ ಹಿಡಿದು ಎಣ್ಣೆಯ ಎಂಜಿನಿನ ಹತ್ತಿರಕ್ಕೆ ಕರೆದುಕೊಂಡು ಹೋದ.

ಇವನೊಬ್ಬನಾದರೂ ತನ್ನ ಸತ್ಯಕ್ಕೆ ಮೆಚ್ಚುತ್ತಾನೆಂದು ಉರಾಳರು ತಿಳಿದಿದ್ದರು. ನಿನ್ನ ಟೆಂಟನ್ನು ಉಳಿಸಿದೆನಲ್ಲ ಎಂದರು.

“ಉಳಿಸ್ದ್ರ್ಯಾ, ಮುಳುಗಿಸ್ದ್ರ್ಯಾ?” ಎಂದ ಪ್ರೇಮಾನಂದ. ಎಂದೂ ಮುಗಿದೇ ಇರುತ್ತಿದ್ದ ಅವನ ಕೈಗಳು ಈಗ ಸೊಂಟದ ಮೇಲಿದ್ದವು. “ನಿಮ್ಗ್ ಎಲ್ಲ ತಿರ್ಗಿ ಕಾಂತ್ ಅಂದ್ ನಂಗ್ ಮೊದ್ಲ್ ದಿನವೇ ಗೊತ್ತಿತ್ ಮಾಮ. ಬೆಂಚ್ ಹಾಕದ್ದೇ ಅದ್ಕೆ. ನೀವ್ ಅನಾಚಾರ ಅಂದ್ ಬರೂದು, ಬ್ರಹ್ಮಾವರ ಬೈಂದೂರಿಂದೆಲ್ಲ ಮರ್ಯಾದಸ್ಥ್ರ್ ತಲಿಗ್ ಮುಂಡಾಸ್ ಸುತ್ಕಂಡ್ ಅನಾಚಾರ ಕಾಂಬುಕ್ ಬಪ್ಪುದು. ಸೂರನ ಡೋಲಿಗ್ ಬಾರದ್ ಜನ ನಿಮ್ಮ್ ಬೈಗುಳಕ್ ಬತ್ರ್. ಇನ್ನ್ ಮೇಲೆ ಎಲ್ಲ ಸಮ ಇತ್ತ್ ಅಂದ್ ನೀವ್ ಬರದ್ರೆ ಯಾರ್ ಬತ್ರ್?”

ಉರಾಳರಿಗೆ ಈಗ ತಿಳಿಯಿತು. ತನ್ನ ಸಿಟ್ಟು, ತನ್ನ ಧರ್ಮ, ತನ್ನ ನಿದ್ದೆ ಕೆಟ್ಟ ರಾತ್ರಿಗಳು, ಎಲ್ಲ ಇವನ ಡೋಲಾಗಿತ್ತು. ನಾಚಿಕೆಗೇಡಿ, ಈಗಲೇ ಹೋಗಿ ಬಾಯರಿಗಳಿಗೆ ಹೇಳುತ್ತೇನೆ ಎಂದು ಅಬ್ಬರಿಸಿ ಹಿಂಬದಿಗೆ ನುಗ್ಗಿದರು.

ಬಾಯರಿಗಳು ಬೆಂಚಿನ ನಡುವೆ ವಿರಾಜಮಾನರಾಗಿದ್ದರು. ಕೈಯಲ್ಲಿ ಪ್ರೇಮಾನಂದ ಕಳಿಸಿದ ಎಳನೀರಿತ್ತು. ಉರಾಳರನ್ನು ಕಂಡು, ಮೀನುಬುಟ್ಟಿಯ ನಡುವಿಂದ ಎದ್ದು ಬಂದವರು ದೂರವೇ ನಿಲ್ಲಬೇಕೆಂದರು. ಆಮೇಲೆ ಶಾಂತವಾಗಿ ಸಭೆಯ ತೀರ್ಮಾನ ತಿಳಿಸಿದರು. ಟೆಂಟನ್ನು ಎಬ್ಬಿಸುವುದಿಲ್ಲ, ಎಬ್ಬಿಸಿದರೆ ಲೋಕದ ಅನಾಚಾರವನ್ನು ಕಂಡು ಎಚ್ಚರಿಸುವ ದಾರಿಯೇ ತಪ್ಪುತ್ತದೆ. ಉರಾಳರ ಕಣ್ಣಿಗೆ ವಯಸ್ಸಾದ್ದರಿಂದ, ಮುಂದಿನ ವಾರದಿಂದ ಅಂಕಣವನ್ನು ಬಾಯರಿಗಳೇ ಬರೆಯತಕ್ಕದ್ದು, ಈ ಬೆಂಚಿನಲ್ಲೇ ಕೂತು. ಚಿತ್ರ ನಿಂತುಹೋದದ್ದಕ್ಕೆ ಅವರಿಗೆ ಸ್ವಲ್ಪ ಬೇಸರವಿದ್ದಂತೆ ಕಂಡಿತು. ಆ ಮುದುಕನಿಗೆ ಆಮೇಲೆ ಏನಾಗುತ್ತದೆಂದು ಪಕ್ಕದವರನ್ನು ಎರಡು ಸಲ ಕೇಳಿದರು.

ಉರಾಳರು ಹೇಳಬೇಕೆಂದಿದ್ದದ್ದನ್ನು ಹೇಳಿದರು. ಆಗುವುದಿಲ್ಲ, ಇದು ಪ್ರೇಮಾನಂದನ ಮೋಸ, ನಿಮ್ಮನ್ನೂ ಕುಣಿಸುತ್ತಾನೆ ಎಂದರು. ಅಂಕಣ ಹೋದ ಹೊಟ್ಟೆಯುರಿಯೆಂದು ಏಳು ಮಂದಿಯೂ ತಲೆಯಾಡಿಸಿದರು.

ಇನ್ನು ಮುಂದಿನ ಬದಿ. ಸತ್ಯ ಹೇಳಿದವನಿಗೆ ಅಲ್ಲಾದರೂ ಒಂದು ಮಣೆಯಷ್ಟು ಜಾಗ ಸಿಕ್ಕೀತೆಂದು ಅವರು ತಿರುಗಿ ಬಂದರು. ಮಣೆಯ ಮೇಲೆ ಬಾಗಿಯ ಗಂಡ ಸೋಮ ಕಾಲು ಚಾಚಿ ಕೂತಿದ್ದ. ಅಷ್ಟರೊಳಗೆ ಹೊಗೆಸೊಪ್ಪಿನ ಅಂಗಡಿಯವನು ಉರಾಳರ ಹಳೆಯ ಬರಹಗಳನ್ನೆಲ್ಲ ಬಾಗಿಗೆ ಹೇಳಿ ಮುಗಿಸಿದ್ದ.

“ಬಲ್ಗೈ ಅಂದ್ ಒಪ್ಕಂಡ್ರಿ, ಅದ್ ಸಮ,” ಎಂದಳು ಅವಳು. “ಆರೆ ಎರಡ್ ವರ್ಷ ನಮ್ಮ್ ಎಲ್ಲ ಸ್ವಾಮಿಗಳ್ ಮೇಲೂ ಸುಳ್ಳ್ ಬರ್ದ್ರಿ. ಊರ್ ಸುಟ್ಟವ್ನ ಹೊಗ್ಳದ್ರಿ. ಒಂದೊಂದ್ ಚಿತ್ರಕ್ಕೂ ಒಂದೊಂದ್ ಕಾಯಿ ಒಡೆದ್ ತಪ್ಪ್ ಕೇಣಿ, ಆಮೇಲ್ ಕೂಕಂಬ್ರಂತೆ. ಅಲ್ಲಿವರೆಗೆ ನೀವ್ ಆಚಿ ಬದಿಯವ್ರೇ.”

ದೀಪ ಆರಿತು. ಯಂತ್ರ ತಿರುಗಿತು. ಮುಂದೆ ಜಾಗವಿಲ್ಲ, ಹಿಂದೆ ಬೆಂಚಿಲ್ಲ. ಪರದೆಗೆ ಇದ್ದದ್ದೇ ಎರಡು ಬದಿ. ಉರಾಳರು ಟೆಂಟಿನ ಪಕ್ಕದಲ್ಲಿ, ಹಗ್ಗ ಕಟ್ಟಿದ ಗೂಟದ ಹತ್ತಿರ ನಿಂತರು. ಅಲ್ಲಿಂದ ಪರದೆ ಒಂದು ಬಿಳಿಯ ಗೆರೆಯಾಗಿ ಮಾತ್ರ ಕಾಣುತ್ತಿತ್ತು. ಆ ಗೆರೆಯೊಳಗೆ ಎಲ್ಲೋ ಪುಣ್ಯಶೀಲ ಹಾಡುತ್ತಿದ್ದ, ಮುದುಕ ಉಂಡು ಹರಸುತ್ತಿದ್ದ. ಯಾವ ಕೈಯಿಂದ ಎಂದು ತಿಳಿಯುವಂತಿರಲಿಲ್ಲ.

ಒಳಗೆ ಎಡಗೈ ಎಂದು ಏಳು ಮಂದಿ, ಬಲಗೈ ಎಂದು ಏಳುನೂರು ಮಂದಿ ಬಟ್ಟೆಯ ಮೂಲಕ ಕೂಗಿಕೊಳ್ಳುತ್ತಲೇ ಇದ್ದರು. ಆ ಜಗಳ ಮಳೆಗಾಲದವರೆಗೂ ಮುಗಿಯಲಿಲ್ಲ, ಟೆಂಟು ಒಂದು ದಿನವೂ ಖಾಲಿಯಾಗಲಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಎರಡು ಬದಿಯವರಿಗೂ ಅಂದೇ ಒಮ್ಮತ ಬಂದುಹೋಗಿತ್ತು: ಸುಂದರ ಉರಾಳರಿಗೆ ಸಿನೆಮಾ ನೋಡುವ ಕ್ರಮ ಗೊತ್ತಿಲ್ಲ.